ವ್ಯಂಗ್ಯಚಿತ್ರದೊಳಗಿನ ಸರಪಳಿ

“ಈ ಗುಲಾಬಿ ಬಣ್ಣ ಬಳಿದವನು ಯಾರು?” ಎಂದು ಲೊರೆಂಜ್ ಪಾವ್ಲಿಕ್ ಕೂಗಿದ.

ಇಬ್ಬರು ಹೆಂಗಸರ ಸಾವಿನ ಆರೋಪ ಹೊತ್ತು ಜೈಲಿನಲ್ಲಿ ಕುಳಿತ ಮನುಷ್ಯ ಕೇಳಿದ ಮೊದಲ ಪ್ರಶ್ನೆ ಅದು. ಕಂಬಿಗಳ ನಡುವೆ ನಾನು ತೂರಿಸಿದ ವಾರಪತ್ರಿಕೆಯನ್ನು ತೋಳುದ್ದ ದೂರ ಹಿಡಿದು, ಕೊಳೆತ ಮೀನು ಕಂಡವನಂತೆ ಮುಖ ಸಿಂಡರಿಸಿದ್ದ.

“ಬಣ್ಣ ಹಾಳಾಗ್ಲಿ. ಚಿತ್ರ ನೋಡಿ,” ಎಂದೆ.

“ಅಚ್ಚಾದ್ಮೇಲೆ ನನ್ನ ಚಿತ್ರಾನ ನಾನು ನೋಡೋದೇ ಇಲ್ಲ, ಮಿಸೆಸ್ ಮುಲ್ಹರ್ನ್. ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಬೆಂಕಿಗೆ ಗುಲಾಬಿ ಬಣ್ಣ! ಅಲ್ಲೇನು ಬೆಂಕಿ ಬಿದ್ದಿದ್ಯೋ, ಮದುವೆ ನಡೀತಿದ್ಯೋ?”

“ಆ ಮನೆಗೆ ನಿಜವಾಗ್ಲೂ ಬೆಂಕಿ ಬಿತ್ತು. ಹಚ್ಚಿದ್ದು ನೀವೇ ಅಂತ ನಿಮ್ಮನ್ನ ನೇಣಿಗೆ ಹಾಕೋಕೆ ಹೊರಟಿದಾರೆ. ಅದಾದ್ರೂ ನೆನಪಿದ್ಯಾ?”

ಆ ಚಿತ್ರವನ್ನು ನೋಡದವರು ನ್ಯೂಯಾರ್ಕಿನಲ್ಲಿ ಯಾರಾದರೂ ಉಳಿದಿದ್ದರೆ ಅದು ಅದನ್ನು ಬರೆದ ಇವನೊಬ್ಬನೇ. ‘ನೆಟಲ್’ ವಾರಪತ್ರಿಕೆಯ ನಡುವಿನ ಎರಡು ಪುಟಗಳನ್ನೂ ತುಂಬಿಕೊಂಡ ವ್ಯಂಗ್ಯಚಿತ್ರ. ಸಿಗಾರ್ ವ್ಯಾಪಾರದ ದೊಡ್ಡ ಕುಳ ಲೆಮ್ಯುಯೆಲ್ ಹ್ಯಾಡಕ್ ಒರಗುಕುರ್ಚಿಯಲ್ಲಿ ಮೈಚೆಲ್ಲಿ ಕಾಲು ಕಾಯಿಸಿಕೊಳ್ಳುತ್ತಿದ್ದಾನೆ. ಅವನ ಮುಂದೆ ಅಗ್ಗಿಷ್ಟಿಕೆ ಇರಬೇಕಾದ ಜಾಗದಲ್ಲಿ ಅವನದೇ ವಠಾರ. ಅವನ ಸಿಗಾರ್ ಸುತ್ತುವವರು ಅಲ್ಲೇ ಕೆಲಸ ಮಾಡಿಕೊಂಡು ಕಿಕ್ಕಿರಿದು ಬದುಕುವ ವಠಾರ. ಒಂದೊಂದು ಕಿಟಕಿಯಲ್ಲೂ ಜ್ವಾಲೆ, ಜ್ವಾಲೆಯ ನಡುವೆ ಮುಖಗಳು. ಕೆಳಗೆ ಒಂದೇ ಸಾಲು: ‘ಈ ಸಲ ಚಳಿ ಅಷ್ಟೇನೂ ಇಲ್ಲ.’

ಪತ್ರಿಕೆ ಬುಧವಾರ ಬೆಳಿಗ್ಗೆ ಬಂತು. ಅಂದು ರಾತ್ರಿಯೇ ಆ ವಠಾರ ಹೊತ್ತಿ ಉರಿಯಿತು. ಹೆಚ್ಚಿನವರು ಮಾಳಿಗೆ ಹತ್ತಿ ಪಕ್ಕದ ಮನೆಗೆ ದಾಟಿ ಬದುಕಿಕೊಂಡರು. ಹಿಂಬಾಗಿಲಿಗೆ ಓಡಿದ ಒಬ್ಬ ಮುದುಕಿ ಮತ್ತು ಅವಳ ಮಗಳು ಬದುಕಲಿಲ್ಲ. ಬರೆದಂತೆಯೇ ಮಾಡಿದ್ದಾನೆ ಎಂದು ಮಾರನೆಯ ದಿನ ಪೊಲೀಸರು ಪಾವ್ಲಿಕ್‌ನನ್ನು ಎಳೆದೊಯ್ದರು. ಅವನನ್ನು ಬಿಡಿಸಿಕೊಡಿ ಎಂದು ‘ನೆಟಲ್’ ಪತ್ರಿಕೆಯ ಒಡೆಯ ಹೈರಮ್ ಫೆಸೆಂಡನ್ ನನ್ನ ಬಳಿ ಬಂದ. ಗಂಡ ಸತ್ತ ಮೇಲೆ ಖಾಸಗಿ ಪತ್ತೇದಾರಿಕೆಯಿಂದಲೇ ಹೊಟ್ಟೆ ಹೊರೆಯುತ್ತಿರುವ ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಗಳಿಗೆಯಿಂದ ನನಗೆ ತಲೆ ಚಚ್ಚಿಕೊಳ್ಳುವುದೇ ಕೆಲಸವಾಗಿದೆ.

“ಹಿಂಬಾಗಿಲು ನೋಡಿ,” ಎಂದೆ.

“ಯಾವ ಹಿಂಬಾಗಿಲು?”

“ಚಿತ್ರದಲ್ಲಿರೋ ವಠಾರದ್ದು. ಎಡಗಡೆ, ಕೆಳಗೆ. ಅಲ್ಲೊಂದು ಸರಪಳಿ, ಒಂದು ಬೀಗ. ಕಾಣಿಸ್ತಾ?”

ಈ ಸರಪಳಿಯ ವಿಷಯ ನನಗೇ ತಿಳಿದದ್ದು ಹಿಂದಿನ ದಿನ. ಪೊಲೀಸ್ ಕ್ಯಾಪ್ಟನ್ ಗೆರಟಿ ಅದನ್ನು ಕೋರ್ಟಿನಲ್ಲಿ ಸಿಡಿಸಲೆಂದು ಬಚ್ಚಿಟ್ಟುಕೊಂಡಿದ್ದ. ಬಾಯಿ ತಡೆಯಲಾರದೆ ನನ್ನೆದುರು ಜಂಬ ಕೊಚ್ಚಿದ. ಅವನ ವಾದ ಸರಳ. ವಠಾರದ ಹಿಂಬಾಗಿಲಿಗೆ ಎಂದೂ ಸರಪಳಿ ಇರಲಿಲ್ಲ. ಮೊದಲ ಬಾರಿಗೆ ಕಂಡದ್ದು ಬುಧವಾರ ಸಂಜೆ ಎಂದು ಬಾಡಿಗೆದಾರರೆಲ್ಲ ಹೇಳುತ್ತಾರೆ. ಆದರೆ ಚಿತ್ರದಲ್ಲಿ ಅದು ಮೊದಲೇ ಇದೆ. ‘ಬರೆದವನೇ ಹಾಕಿದವನು. ಇದರಲ್ಲಿ ಇನ್ನೇನಮ್ಮಾ ಪತ್ತೇದಾರಿಕೆ?’ ಎಂದು ಗೆರಟಿ ಮೀಸೆ ಸವರಿಕೊಂಡಿದ್ದ.

ಪಾವ್ಲಿಕ್ ಪತ್ರಿಕೆಯನ್ನು ಬೆಳಕಿಗೆ ಹಿಡಿದ.

“ಇದು ನಾನು ಬರೆದದ್ದಲ್ಲ,” ಎಂದ.

ನನಗೆ ಹೋದ ಜೀವ ಬಂದಂತಾಯಿತು. “ಇನ್ನೊಂದ್ಸಲ ಹೇಳಿ!”

“ನನ್ನದಲ್ಲ. ಅಲ್ಲಿ ನಾನು ಬರೀ ನೆರಳು ಬಿಟ್ಟಿದ್ದೆ. ಇದನ್ನ ಯಾರು…”

ಅವನು ಪುಟವನ್ನು ಮೂಗಿನ ಹತ್ತಿರ ತಂದ. ಸರಪಳಿಯ ಒಂದೊಂದೇ ಕೊಂಡಿಯ ಮೇಲೆ ಅವನ ಕಣ್ಣು ಸರಿಯುತ್ತಿತ್ತು. ಆ ಕಣ್ಣು ಒಮ್ಮೆಲೇ ನಿಂತಿತು. ಮುಖದ ಸಿಡುಕು ಇಳಿದು, ಬಣ್ಣವೂ ಇಳಿಯಿತು.

“ಯಾರ ಕೈ ಇದು?” ಎಂದೆ.

ಅವನು ಪತ್ರಿಕೆಯನ್ನು ಮಡಿಸಿ, ನನಗೆ ವಾಪಸು ಕೊಟ್ಟ.

“ನನ್ನದೇ. ಮರೆತುಹೋಗಿತ್ತು.”

“ಪಾವ್ಲಿಕ್!”

“ನನ್ನದೇ ಅಂದೆನಲ್ಲ. ಕಾವಲಿನವನನ್ನ ಕರೀರಿ. ಕ್ಯಾಪ್ಟನ್‌ಗೆ ಹೇಳ್ಬೇಕು. ಸರಪಳಿ ಬರೆದದ್ದೂ ನಾನೇ, ಹಾಕಿದ್ದೂ ನಾನೇ, ಬೆಂಕಿ ಇಟ್ಟಿದ್ದೂ ನಾನೇ.”

“ರೀ, ನಿಮ್ಮನ್ನ ಬಿಡಿಸೋಕೆ ಬಂದಿರೋಳು ನಾನು!”

“ಕೇಳಿದ್ದು ನಾನಲ್ಲ,” ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ನಾನು ಕಂಬಿ ಬಡಿದೆ, ಬೈದೆ, ಬೇಡಿಕೊಂಡೆ. ಅವನು ಹೊರಳಲಿಲ್ಲ. ಕಾವಲಿನವನು ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು ಗೆರಟಿಯ ಬಳಿ ಓಡಿದ. ನಾನು ಜೈಲಿನ ಮೆಟ್ಟಿಲು ಇಳಿಯುವಾಗ ನನ್ನ ಕಕ್ಷಿದಾರ ಬಂದಾಗ ಇದ್ದುದಕ್ಕಿಂತ ನೇಣಿಗೆ ಹತ್ತಿರವಾಗಿದ್ದ. ಅದೂ ನನ್ನ ಕೈಯಾರೆ.

ಒಂದು ಸಂಗತಿ ಮಾತ್ರ ಸ್ಪಷ್ಟವಾಗಿತ್ತು. ಪಾವ್ಲಿಕ್ ಚಿತ್ರ ಮುಗಿಸಿದ ಮೇಲೆ ಯಾರೋ ಅದಕ್ಕೆ ಸರಪಳಿ ಸೇರಿಸಿದ್ದರು. ಅದು ಯಾರ ಕೈ ಎಂದು ಅವನಿಗೆ ಗುರುತು ಸಿಕ್ಕಿತ್ತು. ಆ ಯಾರಿಗಾಗಿಯೋ ಅವನು ಸಾಯಲು ಸಿದ್ಧನಾಗಿದ್ದ.

ಸೇರಿಸಿದವರು ಯಾರೆಂದು ಫೆಸೆಂಡನ್‌ನಿಗೆ ಗೊತ್ತಿರಲೇಬೇಕು. ಕುದುರೆ ಟ್ರಾಮು ಹಿಡಿದು, ಹಿಮ ಕರಗಿದ ಕೆಸರಿನಲ್ಲಿ ಲಂಗ ಎತ್ತಿಕೊಂಡು ‘ನೆಟಲ್’ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ತಲೆಯೆತ್ತದೆ ಹೇಳಿದ:

“ಸಾಹೇಬ್ರು ಊಟಕ್ಕೆ ಹೋಗಿದಾರೆ.”

“ಎಲ್ಲಿಗೆ?”

“ಮಿಸ್ಟರ್ ಹ್ಯಾಡಕ್ ಅವರ ಮನೆಗೆ.”

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. “ಯಾವ ಹ್ಯಾಡಕ್?”

“ಇನ್ಯಾವ ಹ್ಯಾಡಕ್ ಮೇಡಂ? ನಾವು ವಾರವಾರ ಬರೀತೀವಲ್ಲ, ಅದೇ ಹ್ಯಾಡಕ್.”

*

ಫಿಫ್ತ್ ಅವೆನ್ಯೂವಿನ ಆ ಮನೆಯ ಬಟ್ಲರ್ ನನ್ನ ಕೆಸರುಬೂಟನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

“ಕೆಲಸಕ್ಕೆ ಬಂದೋರು ಹಿಂದಿನ ಬಾಗಿಲಿಂದ ಬರ್ಬೇಕು.”

“ಈ ಮನೆ ಹಿಂದಿನ ಬಾಗಿಲಾದ್ರೂ ತೆಗೆದಿರುತ್ತಾ?” ಎಂದು ಕೇಳಿ, ಅವನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಒಳಗೆ ನುಗ್ಗಿದೆ.

ಊಟ ಮುಗಿದಿತ್ತು. ಇಬ್ಬರೂ ಸಿಗಾರ್ ಸೇದುವ ಕೋಣೆಯಲ್ಲಿದ್ದರು. ಬಡವರ ಪರ ವಾರವಾರ ಗುಡುಗುವ ಹೈರಮ್ ಫೆಸೆಂಡನ್, ಹ್ಯಾಡಕ್‌ನ ಮೆತ್ತೆಕುರ್ಚಿಯಲ್ಲಿ ಕುಳಿತು, ಹ್ಯಾಡಕ್‌ನ ಬ್ರಾಂದಿ ಕುಡಿಯುತ್ತ, ಹ್ಯಾಡಕ್‌ನ ಸಿಗಾರ್ ಸೇದುತ್ತಿದ್ದ. ನನ್ನನ್ನು ಕಂಡದ್ದೇ ಅವನಿಗೆ ಕೆಮ್ಮು ಹತ್ತಿಕೊಂಡಿತು.

“ಮಿಸೆಸ್ ಮುಲ್ಹರ್ನ್! ನಾನು… ಇದು ಪಾವ್ಲಿಕ್ ವಿಷಯಕ್ಕೇ…”

“ಕಾಣಿಸ್ತಿದೆ.”

ಹ್ಯಾಡಕ್ ಮಾತ್ರ ಕೊಂಚವೂ ಕದಲಲಿಲ್ಲ. ಚಿತ್ರದಲ್ಲಿರುವಷ್ಟೇ ದಪ್ಪ, ಚಿತ್ರದಲ್ಲಿಲ್ಲದಷ್ಟು ಸೌಮ್ಯ. “ಬನ್ನಿ ಬನ್ನಿ. ನನ್ನ ಸಂಗ್ರಹ ನೋಡಿ,” ಎಂದು ಗೋಡೆಯತ್ತ ಕೈ ಬೀಸಿದ.

ಗೋಡೆಯ ತುಂಬ ಅವನೇ. ಚಿನ್ನದ ಕಟ್ಟು ಹಾಕಿಸಿದ ಹತ್ತಾರು ವ್ಯಂಗ್ಯಚಿತ್ರಗಳು. ಹಂದಿಯಾದ ಹ್ಯಾಡಕ್, ಊರಿಗೆಲ್ಲ ಕಾಲು ಚಾಚಿದ ಜೇಡವಾದ ಹ್ಯಾಡಕ್, ಮಕ್ಕಳ ಬಟ್ಟಲಿನಿಂದ ಗಂಜಿ ಹೀರುವ ಹ್ಯಾಡಕ್. ಎಲ್ಲವೂ ಪಾವ್ಲಿಕ್‌ನ ಕೈಯವು. ಪಾವ್ಲಿಕ್ ಕೋಪದಿಂದ ಹಲ್ಲು ಕಡಿದುಕೊಂಡು ಬರೆದದ್ದು ಇಲ್ಲಿ ಗೋಡೆಯ ಅಲಂಕಾರವಾಗಿತ್ತು.

“ನಿಮಗೆ ಬೇಜಾರಾಗಲ್ವಾ?” ಎಂದು ಕೇಳಿದೆ.

“ಯಾಕಮ್ಮಾ ಬೇಜಾರು? ‘ನೆಟಲ್’ ಅಂದ್ರೆ ತುರಿಕೆ ಸೊಪ್ಪು. ಎಷ್ಟು ವರ್ಷದಿಂದ ಉಜ್ತಿದಾರೆ, ನನಗಿನ್ನೂ ಮೈ ತುರಿಸಿಲ್ಲ. ಈ ಹಂದಿ ನೋಡಿ. ಮೊದಲು ಬಾಲ ಇರ್ಲಿಲ್ಲ. ಬಾಲ ಇಲ್ದಿರೋ ಹಂದೀನ ಯಾರಾದ್ರೂ ನೋಡಿದೀರಾ? ಹಾಕ್ಸಿ ಅಂತ ನಾನೇ ಹೇಳ್ದೆ.”

“ನೀವು ಹೇಳಿದ್ರಿ? ಅಚ್ಚಾಗೋಕೆ ಮುಂಚೇನೇ?”

ಫೆಸೆಂಡನ್ ಬ್ರಾಂದಿಯ ಲೋಟದೊಳಗೆ ನೋಡತೊಡಗಿದ.

“ಮೊದಲನೇ ಪ್ರತಿ ತೆಗೆದ ಕೂಡ್ಲೇ ಹೈರಮ್ ನನಗೆ ಕಳಿಸಿಕೊಡ್ತಾನೆ,” ಎಂದ ಹ್ಯಾಡಕ್, ಮೊಮ್ಮಗನನ್ನು ಹೊಗಳುವ ತಾತನ ಹಾಗೆ. “ಸಣ್ಣಪುಟ್ಟ ಸಲಹೆ ಕೊಡ್ತೀನಿ. ಚಿತ್ರ ಚೆನ್ನಾಗಿ ಬರ್ಲಿ ಅಂತ.”

ನಾನು ಗೋಡೆಯುದ್ದಕ್ಕೂ ನಡೆದೆ. ಕೊನೆಯಲ್ಲಿ ಅದು ತೂಗುತ್ತಿತ್ತು: ಕಾಲು ಕಾಯಿಸಿಕೊಳ್ಳುವ ಹ್ಯಾಡಕ್, ಉರಿಯುವ ವಠಾರ. ಬಣ್ಣ ಹಾಕುವುದಕ್ಕೆ ಮೊದಲು ತೆಗೆದ ಕಪ್ಪು-ಬಿಳುಪು ಪ್ರತಿ. ಮೂಲೆಯಲ್ಲಿ ಅದನ್ನು ತೆಗೆದ ಶನಿವಾರದ ತಾರೀಕು ಮತ್ತು ಫೆಸೆಂಡನ್‌ನ ಸಹಿ.

ಎಡಗಡೆ, ಕೆಳಗೆ, ಹಿಂಬಾಗಿಲು. ಬರೀ ನೆರಳು.

ಸರಪಳಿ ಇರಲಿಲ್ಲ. ಬೀಗವೂ ಇರಲಿಲ್ಲ.

ನಾನು ಕೈಚೀಲದಿಂದ ಅಚ್ಚಾದ ಪತ್ರಿಕೆಯನ್ನು ತೆಗೆದು ಪಕ್ಕದಲ್ಲಿ ಹಿಡಿದೆ. ಇನ್ನೊಂದು ವ್ಯತ್ಯಾಸವೂ ಕಂಡಿತು. ಗೋಡೆಯ ಹ್ಯಾಡಕ್ ಬರಿಗಾಲಿನಲ್ಲಿದ್ದ. ಪತ್ರಿಕೆಯ ಹ್ಯಾಡಕ್‌ನ ಕಾಲಲ್ಲಿ ಚಿನ್ನದ ಬಣ್ಣದ ಚಪ್ಪಲಿ.

“ಚಪ್ಪಲಿ ನನ್ನದೇ ಸಲಹೆ,” ಎಂದು ಹ್ಯಾಡಕ್ ಹಿಗ್ಗಿದ.

“ಸರಪಳಿ?”

“ಯಾವ ಸರಪಳಿ?”

“ನಿಮ್ಮ ವಠಾರದ ಹಿಂಬಾಗಿಲಿಗೆ ಹಾಕಿದ್ದು. ಒಳಗೆ ಇಬ್ಬರು ಹೆಂಗಸರು ಸುಟ್ಟುಹೋದ್ರಲ್ಲ, ಆ ಸರಪಳಿ.”

“ಓ, ಅದಾ. ಅದೆಲ್ಲ ನನ್ನ ಏಜೆಂಟ್ ನೋಡ್ಕೋತಾನೆ. ಹಿಂಬಾಗಿಲಿಂದ ಹೊಗೆಸೊಪ್ಪು ಕದ್ದು ಸಾಗಿಸ್ತಾರೆ ಅಂತ ದೂರು ಹೇಳ್ತಿದ್ದ. ಏನಾದ್ರೂ ಮಾಡಯ್ಯ ಅಂದಿದ್ದೆ. ಏನು ಮಾಡ್ದ, ಯಾವಾಗ ಮಾಡ್ದ ಅಂತ ನಾನು ಕೇಳೋಕೆ ಹೋಗಲ್ಲ.” ಅವನು ಸಿಗಾರಿನ ಬೂದಿ ಕೊಡವಿದ. “ತುಂಬಾ ಬೇಜಾರಿನ ಸಂಗತಿ. ಇಬ್ಬರಿಗೂ ಹೂವು ಕಳಿಸ್ದೆ.”

ಹೂವು! ಕೈಯಲ್ಲಿದ್ದ ಪತ್ರಿಕೆಯನ್ನು ಸುರುಳಿ ಸುತ್ತಿ ಅವನ ತಲೆಗೆ ಬಡಿಯದಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಫೆಸೆಂಡನ್ ಕಡೆ ತಿರುಗಿದೆ.

“ಮಿಸ್ಟರ್ ಫೆಸೆಂಡನ್, ಏಳಿ. ಈಗಲೇ ಕ್ಯಾಪ್ಟನ್ ಗೆರಟಿ ಹತ್ರ ಹೋಗೋಣ. ಶನಿವಾರ ಈ ಚಿತ್ರದಲ್ಲಿ ಸರಪಳಿ ಇರ್ಲಿಲ್ಲ, ಪಾವ್ಲಿಕ್ ಕೆಲಸ ಮುಗಿಸಿ ಹೋದ್ಮೇಲೆ ಬೇರೆಯವರು ಸೇರಿಸಿದಾರೆ ಅಂತ ಹೇಳಿ. ಇಷ್ಟು ಹೇಳಿದ್ರೆ ಅರ್ಧ ಕೇಸು ಬಿದ್ದುಹೋಗುತ್ತೆ.”

ಅವನು ಏಳಲಿಲ್ಲ.

“ಹೇಳ್ಬಹುದು… ಆದ್ರೆ ಈ ಪ್ರತಿ ಎಲ್ಲಿತ್ತು ಅಂತ ಕೇಳ್ತಾರಲ್ಲ.”

“ಕೇಳ್ತಾರೆ. ಹ್ಯಾಡಕ್ ಮನೇಲಿತ್ತು ಅನ್ನಿ.”

“ನಮ್ಮ ಓದುಗರು ಏನಂದ್ಕೋತಾರೆ? ನಾನು ಇವರಿಗೆ ಮೊದಲೇ ತೋರಿಸ್ತೀನಿ ಅಂತ ಗೊತ್ತಾದ್ರೆ ಪತ್ರಿಕೆ ಮರ್ಯಾದೆ…” ಅವನ ಕಣ್ಣಲ್ಲಿ ನಿಜವಾದ ನೀರು ಬಂತು. “ಬಡವರಿಗೆ ಅಂತ ಇರೋದು ಒಂದೇ ದನಿ, ಮಿಸೆಸ್ ಮುಲ್ಹರ್ನ್. ಅದನ್ನ ನಾನು ಉಳಿಸ್ಕೋಬೇಕು.”

“ಅಲ್ಲಿ ಆ ದನಿಯ ಕತ್ತಿಗೇ ಹಗ್ಗ ಹಾಕ್ತಿದಾರಲ್ರೀ!”

“ಬೇರೆ ದಾರಿ ಹುಡುಕಿ. ಅದಕ್ಕೇ ಅಲ್ವಾ ನಿಮ್ಮನ್ನ ನೇಮಿಸಿರೋದು?”

ಗೋಡೆಯ ಮೇಲಿನ ಚಿತ್ರಕ್ಕೆ ಕೈ ಹಾಕಿದೆ. ಬಟ್ಲರ್ ಅಡ್ಡ ಬಂದು ನಿಂತ. “ಅದು ನನ್ನ ಸ್ವತ್ತಮ್ಮಾ,” ಎಂದ ಹ್ಯಾಡಕ್, ಅದೇ ಸೌಮ್ಯ ದನಿಯಲ್ಲಿ. “ಅಲ್ಲೇ ಇರ್ಲಿ.”

ಬಾಗಿಲ ಬಳಿ ನಿಂತು ಕೊನೆಯ ಪ್ರಶ್ನೆ ಕೇಳಿದೆ. “ಚಪ್ಪಲಿ ಹಾಕ್ಸಿ ಅಂತ ಇವರು ಹೇಳಿದ್ಮೇಲೆ, ಅಚ್ಚಿನ ಕಲ್ಲಿನ ಮೇಲೆ ಅದನ್ನ ಬರೆದವರು ಯಾರು?”

“ಲುಡ್ಮಿಲಾ,” ಎಂದ ಫೆಸೆಂಡನ್, ಕರವಸ್ತ್ರದಿಂದ ಮೂಗೊರೆಸಿಕೊಳ್ಳುತ್ತ. “ಲುಡ್ಮಿಲಾ ಶೆಬೆಸ್ತಾ. ತಿದ್ದೋ ಕೆಲಸ ಎಲ್ಲಾ ಅವಳದೇ. ಪಾವ್ಲಿಕ್ ಕೈಯಲ್ಲೇ ಕಲಿತವಳು. ಒಳ್ಳೆ ಹುಡುಗಿ. ಪಾಪ, ಅವಳ ಮನೇನೂ ಆ ವಠಾರದಲ್ಲೇ ಇತ್ತು.”

ಇಷ್ಟು ದಿನ ಈ ಮಾತನ್ನು ಅವನು ಹೇಳಿರಲಿಲ್ಲ. ಯಾಕೆ ಎಂದು ಕೇಳಿದೆ.

“ನೀವು ಕೇಳ್ಲೇ ಇಲ್ವಲ್ಲ,” ಎಂದ.

*

‘ನೆಟಲ್’ ಅಚ್ಚಿನಮನೆ ಕಚೇರಿಯ ಹಿಂದೆಯೇ ಇತ್ತು. ಯಂತ್ರಗಳು ನಿಂತಿದ್ದವು. ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಚಿತ್ರ ಬರೆದು ಅಚ್ಚು ತೆಗೆಯುವ ಬಿಳಿ ಕಲ್ಲುಚಪ್ಪಡಿಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು. ಕಿಟಕಿಯ ಕೆಳಗೆ ಒಬ್ಬ ಯುವತಿ ಒಂದು ಕಲ್ಲಿನ ಮೇಲೆ ಬಾಗಿದ್ದಳು. ತೋಳಿಗೆ ಸೂತಕದ ಕಪ್ಪು ಪಟ್ಟಿ. ಎರಡೂ ಅಂಗೈಗಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಹೊರಗೆ ಇಣುಕುವ ಬೆರಳುಗಳಲ್ಲಿ ಬರೆಯುವ ಕಡ್ಡಿ ಹಿಡಿದು ಕಷ್ಟಪಟ್ಟು ಗೆರೆ ಎಳೆಯುತ್ತಿದ್ದಳು.

“ಲುಡ್ಮಿಲಾ? ನಾನು ಹೆಸ್ಟರ್ ಮುಲ್ಹರ್ನ್. ಪಾವ್ಲಿಕ್ ಕಡೆಯವಳು.”

ಅವಳು ತಟ್ಟನೆ ಎದ್ದು ನಿಂತಳು. “ಅವರು ಹೇಗಿದಾರಮ್ಮಾ? ಊಟ ಕೊಡ್ತಾರಾ? ನೋಡೋಕೆ ಹೋಗಿದ್ದೆ, ಒಳಗೆ ಬಿಡ್ಲಿಲ್ಲ.”

“ಕೈಗೇನಾಯ್ತು?”

“ಆಸಿಡ್ ಚೆಲ್ತು. ಕಲ್ಲಿಗೆ ಹಾಕ್ತೀವಲ್ಲ, ಅದು.”

ಆಸಿಡ್ ಎರಡೂ ಅಂಗೈಗಳ ನಡುವಿಗೇ ಹುಡುಕಿಕೊಂಡು ಬಂದು ಬೀಳುವುದಿಲ್ಲ. ಆದರೆ ಅದನ್ನು ಆಮೇಲೆ ಕೇಳೋಣವೆಂದು ಪತ್ರಿಕೆಯನ್ನು ಅವಳ ಮುಂದೆ ಹರಡಿದೆ.

“ಪಾವ್ಲಿಕ್ ಇವತ್ತು ಬೆಳಿಗ್ಗೆ ಇದನ್ನ ಮೊದಲನೇ ಸಲ ನೋಡಿದ. ಸರಪಳಿ ನೋಡಿದ. ನೋಡಿ, ಕೊಲೆ ಮಾಡಿದ್ದು ನಾನೇ ಅಂತ ಒಪ್ಕೊಂಡ. ಯಾಕೆ ಅಂತ ನಿನಗೆ ಗೊತ್ತು. ನನಗೂ ಗೊತ್ತು. ಇನ್ನು ಸುಳ್ಳು ಬೇಡ ಕಣಮ್ಮಾ. ಬೆಳಗಿಂದ ಬೇಕಾದಷ್ಟು ಕೇಳಿಸ್ಕೊಂಡಿದೀನಿ.”

ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

“ಒಪ್ಕೊಂಡ್ರಾ? ದೇವರೇ. ಎಂಥ ಮೊಂಡ ಮನುಷ್ಯ.”

“ಅದು ನನಗೆ ಹೇಳಿಕೊಡ್ಬೇಡ. ಸರಪಳಿ ಬರೆದವರು ಯಾರು?”

“ನಾನೇ. ಸೋಮವಾರ. ಚಪ್ಪಲಿ ಬರೀತಾ ಅದನ್ನೂ ಬರೆದೆ. ಬರಿ ಅಂತ ಯಾರೂ ಹೇಳ್ಲಿಲ್ಲ.”

“ಬುಧವಾರ ಬರೋ ಸರಪಳಿ ಸೋಮವಾರಾನೇ ನಿನಗೆ ಹೇಗೆ ಗೊತ್ತಾಯ್ತು?”

“ವಠಾರದ ಉಸ್ತುವಾರಿ ನಮ್ಮಮ್ಮಂದು. ಅವಳಿಗೆ ಕೈಲಾಗಲ್ಲ, ಅದಕ್ಕೆ ನಾನೇ ನೋಡ್ಕೋತಿದ್ದೆ. ಭಾನುವಾರ ಏಜೆಂಟ್ ಬಂದು ಸರಪಳಿ, ಬೀಗ ಕೊಟ್ಟು ಹೋದ. ಬುಧವಾರ ಸಂಜೆಯಿಂದ ಹಿಂಬಾಗಿಲಿಗೆ ಹಾಕು, ಸೊಪ್ಪು ಕಳುವಾಗ್ತಿದೆ ಅಂದ. ಬೇಡ ಸಾರ್, ಮೂರು ಮಹಡಿ ತುಂಬ ಒಣ ಹೊಗೆಸೊಪ್ಪಿದೆ, ಏನಾದ್ರೂ ಆದ್ರೆ ಅಂದೆ. ಹಾಕಲ್ಲ ಅಂದ್ರೆ ನೀವೂ ಸಾಮಾನು ಕಟ್ಟಿ ಅಂದ.”

“ಅದಕ್ಕೆ ಚಿತ್ರದಲ್ಲಿ ಬರೆದೆ.”

“ಹೂಂ.” ಅವಳು ಕಣ್ಣೆತ್ತಿ ನನ್ನನ್ನು ನೋಡಿದಳು. “ಊರೆಲ್ಲ ನೋಡೋ ಪತ್ರಿಕೆ ಅಲ್ವಾ ಅಮ್ಮಾ? ಬುಧವಾರ ಬೆಳಿಗ್ಗೆ ಹ್ಯಾಡಕ್ ಸಾಹೇಬ್ರು ನೋಡ್ತಾರೆ, ಮಾನ ಹೋಯ್ತು ಅಂತ ಸಂಜೆ ಒಳಗೆ ಬೇಡ ಅಂತ ಹೇಳಿ ಕಳಿಸ್ತಾರೆ ಅಂದ್ಕೊಂಡೆ. ಸಂಜೆ ತನಕ ಕಾದೆ. ಯಾರೂ ಬರ್ಲಿಲ್ಲ.”

ಚಿನ್ನದ ಚಪ್ಪಲಿ ನೋಡಿ ಹಿಗ್ಗಿದ್ದ ಆ ಮುಖ ನನ್ನ ಕಣ್ಣ ಮುಂದೆ ಬಂತು. ಪುಟದಲ್ಲಿ ಸರಪಳಿ ಇದೆಯೆಂದು ಅವನು ಗಮನಿಸಿಯೂ ಇರಲಿಲ್ಲ. ಅದನ್ನು ಇವಳಿಗೆ ಹೇಗೆ ಹೇಳುವುದು?

“ಆಮೇಲೆ?” ಎಂದೆ.

“ಆಮೇಲೆ ಹಾಕ್ದೆ.”

“ಯಾರು?”

“ನಾನೇ ಅಮ್ಮಾ. ನನ್ನ ಕೈಯಾರೆ. ಹೊರಗಡೆಯಿಂದ ಸರಪಳಿ ಸುತ್ತಿ ಬೀಗ ಹಾಕ್ದೆ.”

ಬರೆದವರೇ ಹಾಕಿದವರು. ಆ ಮೀಸೆಯ ಗೆರಟಿ ಹೇಳಿದ್ದೇ ಸರಿಯಾಗಿತ್ತು! ಹೆಸರೊಂದು ತಪ್ಪಿತ್ತು, ಅಷ್ಟೆ. ಪಾವ್ಲಿಕ್‌ನನ್ನು ಬಿಡಿಸುವ ದಾರಿ ನನ್ನ ಕೈಗೆ ಸಿಕ್ಕಿತ್ತು. ಆ ದಾರಿ ಈ ಹುಡುಗಿಯ ಕತ್ತಿನ ಮೇಲೆ ಹಾದುಹೋಗುತ್ತಿತ್ತು. ನಾನು ಒಂದು ಕಾಗದದ ಕಟ್ಟಿನ ಮೇಲೆ ಕುಳಿತೆ. ನನಗೆ ಸಿಟ್ಟು ಬಂದದ್ದು ಯಾರ ಮೇಲೆಂದು ನನಗೇ ತಿಳಿಯಲಿಲ್ಲ.

“ಬೀಗದ ಕೈ ನಿನ್ನ ಹತ್ರಾನೇ ಇತ್ತಲ್ಲ ಲುಡ್ಮಿಲಾ. ಬೆಂಕಿ ಬಿದ್ದಾಗ ಯಾಕೆ ತೆಗೀಲಿಲ್ಲ?”

ಅವಳು ಅಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದಳು. ಕೊನೆಯ ಸುತ್ತು ಚರ್ಮಕ್ಕೆ ಅಂಟಿಕೊಂಡಿತ್ತು. ಹಲ್ಲು ಕಚ್ಚಿ ಎಳೆದಳು. ಎರಡೂ ಅಂಗೈಗಳಲ್ಲಿ, ಅಡ್ಡಕ್ಕೆ, ಕಾದ ಕಬ್ಬಿಣ ಬಿಗಿಯಾಗಿ ಹಿಡಿದ ಬರೆ.

“ಅಮ್ಮನ್ನ ಮಾಳಿಗೆಯಿಂದ ದಾಟಿಸಿ ಕೆಳಗಿಳಿದು ಹಿತ್ತಲಿಗೆ ಓಡ್ದೆ. ಒಳಗಿಂದ ಅವರಿಬ್ಬರೂ ಬಾಗಿಲು ಬಡೀತಿದ್ರು. ನನ್ನ ಹೆಸರು ಹಿಡಿದು ಕರೀತಿದ್ರು. ಬೀಗದ ಕೈ ತೂರಿಸಿದೆ. ಹೋಗ್ಲಿಲ್ಲ. ತಿರುಗಿಸಿ ತೂರಿಸಿದೆ. ಹೋಗ್ಲಿಲ್ಲ. ಕೈ ನಡುಗ್ತಿದೆ, ಅದಕ್ಕೇ ಹೋಗ್ತಿಲ್ಲ ಅಂದ್ಕೊಂಡೆ. ಎರಡೂ ಕೈಯಲ್ಲಿ ಬೀಗ ಹಿಡಿದು ಎಳೆದೆ, ಆಗಲೇ ಸುಟ್ಟಿದ್ದು.”

“ಆಮೇಲೆ?”

“ಆಮೇಲೆ ಅವರು ಕರೆಯೋದು ನಿಂತೋಯ್ತು.” ಅವಳು ಜೇಬಿನಿಂದ ಒಂದು ಸಣ್ಣ ಹಿತ್ತಾಳೆಯ ಬೀಗದ ಕೈ ತೆಗೆದು ನನ್ನ ಮುಂದಿಟ್ಟಳು. “ಸಂಜೆ ನಾನು ಹಾಕಿದ್ದು ಹಿತ್ತಾಳೆ ಬೀಗ ಅಮ್ಮಾ. ಉರಿಯೋ ಬೆಳಕಲ್ಲಿ ಸರಪಳೀಲಿದ್ದ ಬೀಗ ಕಣ್ಣಿಗೆ ಬಿತ್ತು. ಅದು ಕಬ್ಬಿಣದ್ದು. ದೊಡ್ಡದು. ನಾನು ಅದನ್ನ ಮುಂಚೆ ಯಾವತ್ತೂ ನೋಡಿರ್ಲಿಲ್ಲ.”